ಕೈಗಾ, ಕಾರಂತರು ಮತ್ತು ಕಾವಲಿನ ಕಣ್ಣು



ಕಳೆದ ತಿಂಗಳ ನಮ್ಮ ಓದುಕೂಟ ನಡೆದದ್ದು ಬುಕಿತ್ ಪಂಜಾಂಗಿನಲ್ಲಿ, ಬಳಗದ ಹಿರಿಯರೊಬ್ಬರ ಹನ್ನೊಂದನೆಯ ಮಹಡಿಯ ಮನೆಯಲ್ಲಿ. ಅಂದಿನ ವಿಷಯ ಶಿವರಾಮ ಕಾರಂತರು. ಕಾದಂಬರಿಗಳ ಮಾತು ಮುಗಿದು, ಉಪ್ಪಿಟ್ಟಿನ ತಟ್ಟೆಗಳು ಕೈಗೆ ಬರುವ ಹೊತ್ತಿಗೆ ಮಾತು ಕೈಗಾದ ಕಡೆಗೆ ಹೊರಳಿತು. ಮಕ್ಕಳಿಗಾಗಿ 'ಬಾಲ ಪ್ರಪಂಚ', ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ' ಬರೆದು ಕನ್ನಡಿಗರಿಗೆ ವಿಜ್ಞಾನದ ರುಚಿ ಹತ್ತಿಸಿದ ಕಾರಂತರೇ, 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರ ಬೇಡವೆಂದು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದ್ದರು. ಗೆಲ್ಲಲಿಲ್ಲ. ಸ್ಥಾವರವೂ ನಿಲ್ಲಲಿಲ್ಲ.

ಮೂಲೆಯಲ್ಲಿ ಕುಳಿತಿದ್ದ ಆ ಮನೆಯ ಮೊಮ್ಮಗಳು ಆಗ ಬಾಯಿ ತೆರೆದಳು. "ನಮ್ಮ ಶಾಲೆಯಲ್ಲಿ ಡಿಬೇಟ್ ಇದೆ. ಸಿಂಗಪುರಕ್ಕೆ ಅಣುವಿದ್ಯುತ್ ಬೇಕಾ ಬೇಡವಾ ಅಂತ. ನಾನು ಬೇಕು ಅನ್ನೋ ಕಡೆ. ಕಾರಂತಜ್ಜ ಯಾಕೆ ಬೇಡ ಅಂದ್ರು? ಕೈಗಾದಲ್ಲಿ ಬಾಂಬ್ ಮಾಡ್ತಾರಾ?"

ಕೋಣೆಯಲ್ಲಿ ಇಂಜಿನಿಯರುಗಳೇ ಏಳೆಂಟು ಜನ ಇದ್ದೆವು. ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕಾರವಾರದ ಕಡೆಯ ಮಿತ್ರರೊಬ್ಬರು (ಅವರ ತಾಯಿಯ ತವರುಮನೆ ಕದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ) ತಟ್ಟೆ ಕೆಳಗಿಟ್ಟು ಹೇಳಿದರು: "ಬಾಂಬಿನ ವಿಷಯ ನಮಗೆ ಯಾರೂ ಹೇಳಲಿಲ್ಲ ಮಗಾ. ಹೇಳಿದ್ದು ಬೆಳಕಿನ ವಿಷಯ ಮಾತ್ರ."

ಆ ಹುಡುಗಿಗೆ ನೆಟ್ಟಗೆ ಒಂದು ಉತ್ತರ ಕೊಡಬೇಕೆಂದು ನಾವು ನಾಲ್ಕೈದು ಜನ ಸೇರಿ ಓದಿ, ಚರ್ಚಿಸಿ ಬರೆದದ್ದು ಈ ಲೇಖನ. ಪ್ರಶ್ನೆ ಅವಳೊಬ್ಬಳದೇ ಅಲ್ಲವೆಂದು ಬರೆಯುತ್ತಾ ಹೋದಂತೆ ತಿಳಿಯಿತು.

ಒಂದೇ ಒಲೆ, ಎರಡು ಅಡುಗೆ

ಮೊದಲು ಸ್ವಲ್ಪ ವಿಜ್ಞಾನ. ಗಾಬರಿ ಬೇಡ, ಹೈಸ್ಕೂಲಿನಷ್ಟೇ!

ಗಣಿಯಿಂದ ತೆಗೆದ ಯುರೇನಿಯಂನಲ್ಲಿ ಎರಡು ಬಗೆಯ ಪರಮಾಣುಗಳಿವೆ. ಸುಲಭವಾಗಿ ಒಡೆದು ಶಕ್ತಿ ಕೊಡುವ ಯುರೇನಿಯಂ-235 ಇರುವುದು ನೂರಕ್ಕೆ 0.7ರಷ್ಟು ಮಾತ್ರ. ಉಳಿದದ್ದು ಬಹುಪಾಲು ಯುರೇನಿಯಂ-238. ಜಗತ್ತಿನ ಹೆಚ್ಚಿನ ಸ್ಥಾವರಗಳಿಗೆ 235ರ ಪ್ರಮಾಣವನ್ನು ಶೇಕಡಾ 3ರಿಂದ 5ಕ್ಕೆ ಏರಿಸಿದ ಇಂಧನ ಬೇಕು. ಇದಕ್ಕೆ ಸಮೃದ್ಧಗೊಳಿಸುವುದು ಎನ್ನುತ್ತಾರೆ. ಅದೇ ಯಂತ್ರಗಳನ್ನು ಇನ್ನೂ ತಿರುಗಿಸುತ್ತಾ ಹೋಗಿ ಶೇಕಡಾ 90ಕ್ಕೆ ಮುಟ್ಟಿಸಿದರೆ ಅದು ಬಾಂಬಿನ ಸಾಮಗ್ರಿ. ಇದು ಮೊದಲನೆಯ ದಾರಿ.

ಎರಡನೆಯ ದಾರಿ ಸ್ಥಾವರದ ಒಳಗೇ ಇದೆ. ಒಲೆ ಉರಿಯುವಾಗ ಯುರೇನಿಯಂ-238ರ ಒಂದು ಪಾಲು ಪ್ಲುಟೋನಿಯಂ ಆಗಿ ಬದಲಾಗುತ್ತದೆ. ಸುಟ್ಟ ಇಂಧನವನ್ನು ರಾಸಾಯನಿಕವಾಗಿ ಕರಗಿಸಿ ಆ ಪ್ಲುಟೋನಿಯಂ ಬೇರ್ಪಡಿಸಿಕೊಂಡರೆ ಅದರಿಂದಲೂ ಬಾಂಬ್ ಮಾಡಬಹುದು. ಇಲ್ಲೊಂದು ಸೂಕ್ಷ್ಮವಿದೆ. ಇಂಧನವನ್ನು ಒಲೆಯಲ್ಲಿ ಬಹುಕಾಲ ಬಿಟ್ಟರೆ ಬಾಂಬಿಗೆ ಒಗ್ಗದ ಪ್ಲುಟೋನಿಯಂ-240 ಕೂಡ ಬೆರೆಯುತ್ತದೆ. ಬೇಗ ಹೊರಗೆ ತೆಗೆದರೆ ಬಾಂಬಿಗೆ ಬೇಕಾದ ಪ್ಲುಟೋನಿಯಂ-239 ಸಾಕಷ್ಟು ಶುದ್ಧವಾಗಿ ಸಿಗುತ್ತದೆ. ಅಂದರೆ ವಿದ್ಯುತ್ತಿಗೆ ಬೇಯಿಸುವವನು ಇಂಧನವನ್ನು ಪೂರ್ತಿ ಬೇಯಿಸುತ್ತಾನೆ. ಬಾಂಬಿಗೆ ಬೇಯಿಸುವವನು ಅರೆಬೆಂದದ್ದನ್ನೇ ಇಳಿಸುತ್ತಾನೆ. ಒಲೆ ಮಾತ್ರ ಒಂದೇ.

ಕೈಗಾದ ಒಲೆ ಭಾರಜಲದ ಒಲೆ. ಭಾರಜಲ ಬಳಸುವುದರಿಂದ ಸಮೃದ್ಧಗೊಳಿಸದ ಸಾದಾ ಯುರೇನಿಯಂ ಸಾಕು. ಹಾಗಾಗಿ ಮೊದಲನೆಯ ದಾರಿಯ ಗೊಡವೆಯೇ ಇಲ್ಲ. ಆದರೆ 220 ಮೆಗಾವ್ಯಾಟಿನ ಇಂಥ ಒಂದು ಸ್ಥಾವರದಲ್ಲಿ 306 ಅಡ್ಡ ಕೊಳವೆಗಳಿರುತ್ತವೆ. ಒಂದೊಂದರಲ್ಲೂ 12 ಇಂಧನದ ಕಟ್ಟುಗಳು. ಒಂದು ಕಟ್ಟು ಅರ್ಧ ಮೀಟರ್ ಉದ್ದ, ಇಬ್ಬರು ಹಿಡಿದರೆ ಸುಲಭವಾಗಿ ಎತ್ತುವಷ್ಟು ತೂಕ. ಸ್ಥಾವರವನ್ನು ನಿಲ್ಲಿಸದೆಯೇ ಯಂತ್ರವೊಂದು ಕೊಳವೆಯ ಒಂದು ತುದಿಯಿಂದ ಹೊಸ ಕಟ್ಟುಗಳನ್ನು ತಳ್ಳುತ್ತದೆ, ಇನ್ನೊಂದು ತುದಿಯಿಂದ ಹಳೆಯವು ಹೊರಬರುತ್ತವೆ. ವಿದ್ಯುತ್ ಉತ್ಪಾದನೆಗೆ ಇದು ಬಲು ಅನುಕೂಲ. ಕಾವಲುಗಾರನಿಗೆ ಮಾತ್ರ ತಲೆನೋವು. ಬೇರೆ ಬಗೆಯ ಸ್ಥಾವರದ ಮುಚ್ಚಳ ತೆರೆಯುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಆಗ ಬಂದು ನೋಡಿ, ಮೊಹರು ಹಾಕಿ ಹೋದರೆ ಮುಗಿಯಿತು. ಇಲ್ಲಿ ದಿನವೂ ಕಟ್ಟುಗಳು ಒಳಗೆ ಹೋಗುತ್ತವೆ, ಹೊರಗೆ ಬರುತ್ತವೆ. ಯಾವ ಕಟ್ಟು ಅರೆಬೆಂದದ್ದು, ಯಾವುದು ಪೂರ್ತಿ ಬೆಂದದ್ದು ಎಂಬ ಲೆಕ್ಕ ಇಡುವವರು ಯಾರು?

ಅಣುಶಕ್ತಿಯಲ್ಲಿ ದೇಶದೇಶಗಳ ನಡುವಿನ ಸಹಕಾರದ ಕಥೆ ಮುಕ್ಕಾಲು ಪಾಲು ಈ ಲೆಕ್ಕದ ಕಥೆಯೇ.

ಕೊಟ್ಟು ಕೆಟ್ಟ ನೆನಪು

1953ರ ಡಿಸೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ಒಂದು ಭಾಷಣ ಮಾಡಿದರು. ಶಾಂತಿಗಾಗಿ ಅಣು ಎಂಬುದು ಅದರ ಸಾರ. ಬಾಂಬಿನ ಆಸೆ ಬಿಟ್ಟವರಿಗೆ ವಿದ್ಯುತ್ತಿನ, ಔಷಧದ, ಕೃಷಿಯ ಅಣುವಿದ್ಯೆ ಕೊಡೋಣ, ಕೊಟ್ಟದ್ದು ದಾರಿ ತಪ್ಪದಂತೆ ಒಂದು ಸಂಸ್ಥೆ ನೋಡಿಕೊಳ್ಳಲಿ ಎಂಬ ಯೋಜನೆ. 1957ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹುಟ್ಟಿದ್ದು ಹೀಗೆ.

ಆ ಕಾಲದ ಧಾರಾಳದಲ್ಲಿ ಕೆನಡಾ ಭಾರತಕ್ಕೆ ಒಂದು ಸಂಶೋಧನಾ ಸ್ಥಾವರ ಕೊಟ್ಟಿತು. ಅಮೆರಿಕ ಅದಕ್ಕೆ ಭಾರಜಲ ಕೊಟ್ಟಿತು. ಮುಂಬಯಿಯ ಟ್ರಾಂಬೆಯಲ್ಲಿ 1960ರಲ್ಲಿ ಕೆಲಸ ಆರಂಭಿಸಿದ ಅದರ ಹೆಸರು ಸೈರಸ್. ಶಾಂತಿಯ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬ ಮಾತು ಕಾಗದದಲ್ಲಿತ್ತು. ಬಂದು ನೋಡುವ ಕಣ್ಣು ಇರಲಿಲ್ಲ. 1974ರ ಮೇ 18ರಂದು ಪೋಖ್ರಾನಿನಲ್ಲಿ ಸಿಡಿದ ಸಾಧನದ ಪ್ಲುಟೋನಿಯಂ ಬಂದದ್ದು ಆ ಸೈರಸ್‌ನಿಂದ. ಆ ಪ್ರಯೋಗದ ಮುಂದಾಳು ನಮ್ಮ ತುಮಕೂರಿನ ಕಡೆಯ ರಾಜಾ ರಾಮಣ್ಣ. ಪಿಯಾನೋ ನುಡಿಸುತ್ತಿದ್ದ, ಸಂಗೀತದ ಬಗ್ಗೆ ಪುಸ್ತಕ ಬರೆಯಬಲ್ಲ ವಿಜ್ಞಾನಿ. ಭಾರತ ಅದನ್ನು ಶಾಂತಿಯುತ ಸ್ಫೋಟವೆಂದು ಕರೆಯಿತು. ಕೊಟ್ಟವರು ಹಾಗೆಂದು ಒಪ್ಪಲಿಲ್ಲ.

ಕೆನಡಾ ಸಹಕಾರ ನಿಲ್ಲಿಸಿತು. ರಾಜಸ್ಥಾನದಲ್ಲಿ ಅರ್ಧಕ್ಕೆ ನಿಂತ ಎರಡನೆಯ ಸ್ಥಾವರವನ್ನು ಭಾರತೀಯರೇ ಮುಗಿಸಬೇಕಾಯಿತು. ತಾರಾಪುರಕ್ಕೆ ಬರುತ್ತಿದ್ದ ಅಮೆರಿಕದ ಇಂಧನವೂ ಮುಂದೆ ನಿಂತುಹೋಯಿತು. ಯಾರು ಯಾರಿಗೆ ಏನು ಮಾರಬಹುದು, ಏನು ಮಾರಬಾರದು ಎಂದು ಗೆರೆ ಹಾಕಲು ಪರಮಾಣು ಪೂರೈಕೆದಾರರ ಗುಂಪು ಎಂಬ ಕೂಟ ಹುಟ್ಟಿದ್ದೂ ಪೋಖ್ರಾನಿನ ನಂತರವೇ.

ಇದಕ್ಕೂ ಮೊದಲೇ, 1970ರಲ್ಲಿ, ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದ ಜಾರಿಗೆ ಬಂದಿತ್ತು. ಅದರ ಕೊಡುಕೊಳ್ಳುವಿಕೆ ಹೀಗಿದೆ. ಅಸ್ತ್ರ ಇಲ್ಲದವರು ಎಂದಿಗೂ ಮಾಡುವುದಿಲ್ಲ ಎನ್ನಬೇಕು, ತಮ್ಮಲ್ಲಿರುವ ಅಣುಸಾಮಗ್ರಿಯನ್ನೆಲ್ಲ ವಿಯೆನ್ನಾದ ಸಂಸ್ಥೆಗೆ ತೋರಿಸಬೇಕು. ಬದಲಿಗೆ ಅವರಿಗೆ ಶಾಂತಿಯುತ ಅಣುವಿದ್ಯೆ ಸಿಗಬೇಕು. ಅಸ್ತ್ರ ಇರುವವರು ಅವನ್ನು ಕಡಿಮೆ ಮಾಡುವ ಮಾತುಕತೆ ನಡೆಸಬೇಕು. 1967ರ ಜನವರಿ 1ಕ್ಕೆ ಮುಂಚೆ ಬಾಂಬ್ ಸಿಡಿಸಿದ್ದ ಐದು ದೇಶಗಳು ಮಾತ್ರ ಈ ಒಪ್ಪಂದದ ಪ್ರಕಾರ ಅಸ್ತ್ರವುಳ್ಳವು. ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯವೇ ಎಂದು ಭಾರತ ಸಹಿ ಹಾಕಲಿಲ್ಲ. ಇಂದಿಗೂ ಹಾಕಿಲ್ಲ. ಸಿಂಗಪುರ 1976ರಲ್ಲಿ ಒಪ್ಪಿಕೊಂಡಿತು.

ಒಂಟಿತನದ ಕೂಸು

ಕೈಗಾ ಈ ಒಂಟಿತನದ ಕಾಲದ ಕೂಸು. ಹೊರಗಿನವರು ಬಾಗಿಲು ಹಾಕಿದ ಮೇಲೆ ಭಾರತದ ಇಂಜಿನಿಯರುಗಳು ಭಾರಜಲದ ಸ್ಥಾವರವನ್ನು ತಾವೇ ತಿದ್ದಿ ತೀಡಿ ಕಲಿತರು. ಈ ಕಲಿಕೆಯ ಮುಂಚೂಣಿಯಲ್ಲಿದ್ದವರು ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಓದಿದ ಎಂ.ಆರ್. ಶ್ರೀನಿವಾಸನ್ (2025ರ ಮೇ ತಿಂಗಳಲ್ಲಿ ತೀರಿಕೊಂಡರು). ಹೀಗೆ ಬಾಂಬಿನ ಮುಂದಾಳೂ ವಿದ್ಯುತ್ತಿನ ಮುಂದಾಳೂ ಕನ್ನಡ ನಾಡಿನವರೇ. ವಿರೋಧದ ಮುಂದಾಳು ಕಾರಂತರು ಕೂಡ!

ಕಾಳಿ ನದಿಯ ದಂಡೆಯ ಕಾಡಿನಲ್ಲಿ 1989ರಲ್ಲಿ ಕೆಲಸ ಶುರುವಾಯಿತು. ಪಶ್ಚಿಮ ಘಟ್ಟದ ಕಾಡು, ನದಿ, ವಿಕಿರಣದ ಅಪಾಯ, ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯ, ಇವೆಲ್ಲ ವಿರೋಧಿಗಳ ಮಾತಿನಲ್ಲಿದ್ದವು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಕಾಂಕ್ರೀಟ್ ಗುಮ್ಮಟದ ಒಳಪದರ ಕುಸಿದು ಬಿತ್ತು. ಒಳಗೆ ಇಂಧನ ಇರಲಿಲ್ಲ, ಅದೊಂದು ಪುಣ್ಯ. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. 2000ದಲ್ಲಿ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಕಾರಂತರು ಅದನ್ನು ನೋಡಲಿಲ್ಲ. 1997ರ ಡಿಸೆಂಬರ್ 9ರಂದೇ ಅವರು ತೀರಿಕೊಂಡಿದ್ದರು.

ಮೂರನೆಯದು 2007ರಲ್ಲಿ ಬಂತು. ನಾಲ್ಕನೆಯದರ ಹೊತ್ತಿಗೆ ಒಂಟಿತನದ ಬೆಲೆ ಕಣ್ಣಿಗೆ ರಾಚಿತು. ದೇಶದ ಯುರೇನಿಯಂ ಗಣಿಗಳಿಂದ ಬರುವುದು ಸಾಲದೆ, 2008ರ ಸುಮಾರಿಗೆ ಭಾರತದ ಅಣುಸ್ಥಾವರಗಳು ಸುಮಾರು ಅರ್ಧ ಶಕ್ತಿಯಲ್ಲಿ ನಡೆಯುತ್ತಿದ್ದವು. ಕೈಗಾದ ನಾಲ್ಕನೆಯ ಘಟಕ ಸಿದ್ಧವಾಗಿಯೂ ಇಂಧನಕ್ಕಾಗಿ ಕಾದು ಕುಳಿತಿತು. ಅದರ ಒಲೆ ಹೊತ್ತಿದ್ದು 2010ರ ನವೆಂಬರಿನಲ್ಲಿ. ಒಲೆ ಇದೆ, ಅಡುಗೆಯವರಿದ್ದಾರೆ, ಅಕ್ಕಿ ಇಲ್ಲ ಎಂಬ ಸ್ಥಿತಿ.

ಮನೆ ಇಬ್ಭಾಗ

2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಜಾರ್ಜ್ ಬುಷ್ ವಾಷಿಂಗ್ಟನ್ನಿನಲ್ಲಿ ಒಂದು ಜಂಟಿ ಹೇಳಿಕೆ ಕೊಟ್ಟರು. ಭಾರತ ತನ್ನ ಅಣುಸ್ಥಾವರಗಳನ್ನು ನಾಗರಿಕ, ಸೈನಿಕ ಎಂದು ಎರಡಾಗಿ ವಿಂಗಡಿಸುತ್ತದೆ. ನಾಗರಿಕ ಭಾಗವನ್ನು ಅಂತರರಾಷ್ಟ್ರೀಯ ಕಾವಲಿಗೆ ಒಪ್ಪಿಸುತ್ತದೆ. ಬದಲಿಗೆ ಜಗತ್ತು ಇಂಧನ ಮತ್ತು ತಂತ್ರಜ್ಞಾನದ ಬಾಗಿಲು ತೆರೆಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

2006ರ ವಿಂಗಡಣೆಯಲ್ಲಿ ಆಗ ನಡೆಯುತ್ತಿದ್ದ ಮತ್ತು ಕಟ್ಟುತ್ತಿದ್ದ 22 ವಿದ್ಯುತ್ ಸ್ಥಾವರಗಳ ಪೈಕಿ 14 ಕಾವಲಿಗೆ ಬಂದವು. ತಾರಾಪುರದ ಮೊದಲೆರಡು, ರಾಜಸ್ಥಾನದ ಆರು, ಕೂಡಂಕುಳದ ಎರಡು, ಕಾಕ್ರಾಪಾರದ ಎರಡು, ನರೋರಾದ ಎರಡು. ಎಂಟು ಹೊರಗುಳಿದವು. ಆ ಎಂಟರಲ್ಲಿ ನಾಲ್ಕು ನಮ್ಮ ಕೈಗಾದವು! ಉಳಿದ ನಾಲ್ಕು ಕಲ್ಪಾಕ್ಕಂನ ಎರಡು, ತಾರಾಪುರದ ಮೂರು ಮತ್ತು ನಾಲ್ಕನೆಯವು. ಮೈಸೂರಿನ ಬಳಿ ರತ್ತಳ್ಳಿಯಲ್ಲಿ ಯುರೇನಿಯಂ ಸಮೃದ್ಧಗೊಳಿಸುವ ಕಾರ್ಖಾನೆಯೂ ಕಾವಲಿನ ಹೊರಗೇ ಇದೆ.

ಮುಂದಿನ ಮೂರು ವರ್ಷ ದೊಡ್ಡ ರಂಪ. ದೆಹಲಿಯಲ್ಲಿ ಎಡಪಕ್ಷಗಳು ಬೆಂಬಲ ವಾಪಸು ಪಡೆದವು. 2008ರ ಜುಲೈ 22ರಂದು ಸರ್ಕಾರ 275ಕ್ಕೆ 256 ಮತಗಳಿಂದ ವಿಶ್ವಾಸಮತ ಗೆದ್ದು ಉಳಿಯಿತು. ಸೆಪ್ಟೆಂಬರ್ 6ರಂದು ವಿಯೆನ್ನಾದಲ್ಲಿ 45 ದೇಶಗಳ ಪೂರೈಕೆದಾರರ ಗುಂಪು, ಆಸ್ಟ್ರಿಯಾ, ಐರ್ಲೆಂಡ್, ನ್ಯೂಜಿಲೆಂಡ್‌ಗಳಂಥ ದೇಶಗಳ ಆಕ್ಷೇಪಗಳ ನಡುವೆಯೇ, ಭಾರತಕ್ಕೆ ವಿನಾಯಿತಿ ಕೊಟ್ಟಿತು. ಅಕ್ಟೋಬರ್ 10ರಂದು ಪ್ರಣವ್ ಮುಖರ್ಜಿ ಮತ್ತು ಕಾಂಡೊಲೀಸಾ ರೈಸ್ ಅಂತಿಮ ಸಹಿ ಹಾಕಿದರು. ಅಕ್ಟೋಬರ್ 10 ಕಾರಂತರ ಹುಟ್ಟುಹಬ್ಬ. ಕಾಕತಾಳೀಯ, ಅಷ್ಟೇ. ಆದರೂ ನಮ್ಮ ಬಳಗದಲ್ಲಿ ಅದನ್ನು ಗಮನಿಸದವರಿಲ್ಲ.

ಫಲವೇನಾಯಿತು? 2009ರಲ್ಲಿ ಕಾವಲಿನ ಒಪ್ಪಂದ ಜಾರಿಗೆ ಬಂತು. ರಷ್ಯಾ, ಕಝಾಕಸ್ತಾನ್, ಫ್ರಾನ್ಸ್ ಕಡೆಯಿಂದ ಯುರೇನಿಯಂ ಬಂತು. 1974ರಲ್ಲಿ ಮುನಿಸಿಕೊಂಡ ಕೆನಡಾದಿಂದಲೇ 2015ರಲ್ಲಿ ಯುರೇನಿಯಂ ಹಡಗು ಹೊರಟಿತು. ಇದು ಸಹಕಾರದ ಗೆಲುವು ಎನ್ನುವವರಿದ್ದಾರೆ. ಅವರ ವಾದ ಹೀಗೆ: ಹಿಂದೆ ಬಹುಪಾಲು ಕತ್ತಲಲ್ಲಿದ್ದ ಮನೆಯಲ್ಲಿ ಈಗ ಹದಿನಾಲ್ಕು ಕೋಣೆಗಳಿಗೆ ದೀಪ ಬಂದಿದೆ, ಇಲ್ಲದಿದ್ದಕ್ಕಿಂತ ಇದು ಮೇಲು.

ಒಪ್ಪದವರ ವಾದವೂ ಹಗುರವಲ್ಲ. ಹೊರಗಿನ ಯುರೇನಿಯಂ ಕಾವಲಿನ ಹದಿನಾಲ್ಕಕ್ಕೆ ಹೋದರೆ ದೇಶದೊಳಗಿನ ಯುರೇನಿಯಂ ಪೂರ್ತಿ ಕಾವಲಿಲ್ಲದ ಎಂಟಕ್ಕೆ ಉಳಿಯುತ್ತದೆ. ಒಂದು ಕೈಗೆ ಕೊಟ್ಟ ಕಾಸು ಇನ್ನೊಂದು ಕೈಯ ಖರ್ಚಿಗೆ ಅನುಕೂಲ ಮಾಡಿದಂತೆ. ಜೊತೆಗೆ, ಸಹಿ ಹಾಕಿ ನಿಯಮ ಪಾಲಿಸಿದ ಸಿಂಗಪುರದಂಥ ದೇಶಗಳಿಗಿಲ್ಲದ ರಿಯಾಯಿತಿ ಸಹಿ ಹಾಕದವರಿಗೆ ಸಿಕ್ಕಿದರೆ ನಿಯಮದ ಬೆಲೆಯೇನು ಎಂಬ ಪ್ರಶ್ನೆ.

ಹುಡುಗಿಯ ಪ್ರಶ್ನೆಗೆ ನಾವು ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರ ಇದು. ಕೈಗಾ ವಿದ್ಯುತ್ ಸ್ಥಾವರ. ನಾಲ್ಕೂ ಘಟಕಗಳು ಸೇರಿ 880 ಮೆಗಾವ್ಯಾಟ್. ಮೊದಲನೆಯ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಮಾಡಿತು, ಅದೂ ದೇಶದ ಇಂಧನದಿಂದ. ಅಲ್ಲಿ ಬಾಂಬಿನ ಸಾಮಗ್ರಿ ತಯಾರಾಗುತ್ತದೆ ಎಂದು ಹೇಳಲು ನಮ್ಮ ಬಳಿ ಆಧಾರವಿಲ್ಲ. ಆಗುವುದಿಲ್ಲ ಎಂದು ಹೊರಗಿನ ಕಣ್ಣೊಂದು ನೋಡಿ ಹೇಳುವ ವ್ಯವಸ್ಥೆ ಅಲ್ಲಿ ಇಲ್ಲ. "ಮಾಡ್ತಾರಾ?" ಎಂಬ ಪ್ರಶ್ನೆಗೆ ಕೂಡಂಕುಳದ ವಿಷಯದಲ್ಲಿ ಉತ್ತರ ಕೊಡಬಲ್ಲ ಮೂರನೆಯವರಿದ್ದಾರೆ. ಕೈಗಾದ ವಿಷಯದಲ್ಲಿ ಇಲ್ಲ.

ಕಾವಲು ಕಾಯುವುದು ಹೇಗೆ?

ಇಲ್ಲೊಂದು ಪದದ ತೊಡಕು. ವಿಯೆನ್ನಾದ ಸಂಸ್ಥೆಯ ಜೊತೆಗಿನ ಒಪ್ಪಂದವನ್ನು ಕನ್ನಡದಲ್ಲಿ ಸುರಕ್ಷತಾ ಒಪ್ಪಂದ ಎಂದುಬಿಟ್ಟರೆ ಸ್ಥಾವರ ಸಿಡಿಯದಂತೆ ನೋಡಿಕೊಳ್ಳುವುದು ಎಂಬ ಅರ್ಥ ಬರುತ್ತದೆ. ಅದು ಬೇರೆ, ಇದು ಬೇರೆ. ಸುರಕ್ಷತೆ ಎಂದರೆ ಕೆಲಸಗಾರರಿಗೂ ಸುತ್ತಲಿನವರಿಗೂ ಅಪಾಯವಾಗದಂತೆ ನಡೆಸುವುದು. ಅದನ್ನು ಭಾರತದಲ್ಲಿ ನೋಡಿಕೊಳ್ಳುವುದು ಅಣುಶಕ್ತಿ ನಿಯಂತ್ರಣ ಮಂಡಳಿ. ಕಾವಲು ಎಂದರೆ ಸಾಮಗ್ರಿ ಬಾಂಬಿನ ಕಡೆ ಹೋಗದಂತೆ ಲೆಕ್ಕ ಇಡುವುದು. ಆದ್ದರಿಂದಲೇ ಈ ಲೇಖನದಲ್ಲಿ ಕಾವಲು ಎಂಬ ಹಳ್ಳಿಯ ಪದವನ್ನೇ ಬಳಸಿದ್ದೇವೆ. ಹೊಲದ ಕಾವಲುಗಾರ ಪೈರಿಗೆ ರೋಗ ಬಂದಿದೆಯೇ ಎಂದು ನೋಡುವುದಿಲ್ಲ, ತೆನೆ ಯಾರಾದರೂ ಕೊಯ್ದರೇ ಎಂದು ನೋಡುತ್ತಾನೆ.

ಅವನ ಸಲಕರಣೆಗಳು ಸರಳ. ಸ್ಥಾವರದವರು ಎಷ್ಟು ಇಂಧನ ಬಂತು, ಎಷ್ಟು ಹೋಯಿತು ಎಂದು ಲೆಕ್ಕ ಒಪ್ಪಿಸುತ್ತಾರೆ. ತನಿಖೆಗಾರರು ಬಂದು ತಾಳೆ ನೋಡುತ್ತಾರೆ. ಸುಟ್ಟ ಇಂಧನದ ಕೊಳದ ಮೇಲೆ ಕ್ಯಾಮೆರಾ ಇಡುತ್ತಾರೆ. ಪೆಟ್ಟಿಗೆಗಳಿಗೆ, ಬಾಗಿಲುಗಳಿಗೆ ಮೊಹರು ಹಾಕುತ್ತಾರೆ. ಒಡೆದರೆ ಗೊತ್ತಾಗುತ್ತದೆ. ಭಾರಜಲದ ಸ್ಥಾವರದಲ್ಲಿ ಹೊರಬರುವ ಒಂದೊಂದು ಕಟ್ಟನ್ನೂ ಎಣಿಸುವ ವಿಕಿರಣ ಮಾಪಕ ಕೂಡಿಸುತ್ತಾರೆ. ಬಟ್ಟೆಯ ತುಂಡಿನಿಂದ ಗೋಡೆ, ಮೇಜು ಒರೆಸಿಕೊಂಡು ಹೋಗಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತಾರೆ. ಕಣ್ಣಿಗೆ ಕಾಣದ ಒಂದು ಕಣವೂ ಅಲ್ಲಿ ಏನು ನಡೆದಿತ್ತೆಂದು ಹೇಳಿಬಿಡುತ್ತದೆ. ಲೆಕ್ಕದ ಅಳತೆಗೋಲು 8 ಕಿಲೋ ಪ್ಲುಟೋನಿಯಂ. ಸುಮಾರು ಅಷ್ಟು ಕಾಣೆಯಾದರೆ ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂಬುದು ಸಂಸ್ಥೆಯ ಎಣಿಕೆ.

ಕಾವಲಿದ್ದ ಮಾತ್ರಕ್ಕೆ ಎಲ್ಲ ಸರಿಯೆಂದಲ್ಲ. 2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ತಂಪುಪೆಟ್ಟಿಗೆಗೆ ಯಾರೋ ವಿಕಿರಣಶೀಲ ಟ್ರಿಟಿಯಂ ಬೆರೆತ ನೀರು ಸೇರಿಸಿದ್ದರಿಂದ ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಸೇರಿತು. ಒಳಗಿನವರದೇ ಕಿಡಿಗೇಡಿತನವೆಂದು ಆಗ ಅಧಿಕಾರಿಗಳು ಹೇಳಿದರು. ವಿಯೆನ್ನಾದ ಕ್ಯಾಮೆರಾ ಇದ್ದಿದ್ದರೂ ಇದನ್ನು ತಡೆಯುತ್ತಿರಲಿಲ್ಲ. ಅದರ ಕೆಲಸ ಅದಲ್ಲ. ಎರಡು ಬಗೆಯ ಕಣ್ಣೂ ಬೇಕು.

ಬೇರೆ ದಾರಿಗಳು

ಕಾವಲಿಗಿಂತ ಮುಂದೆ ಹೋದ ಸಹಕಾರಗಳೂ ಇವೆ. ಎರಡನ್ನು ಇಲ್ಲಿ ನೆನೆಯಬೇಕು.

ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದ ಬಳಿ ಬೇಡವಾದ ಬಾಂಬುಗಳ ರಾಶಿಯೇ ಉಳಿದಿತ್ತು. 1993ರಲ್ಲಿ ಅಮೆರಿಕ ಮತ್ತು ರಷ್ಯಾ ಒಂದು ಒಪ್ಪಂದ ಮಾಡಿಕೊಂಡವು. ಬಾಂಬುಗಳಿಂದ ತೆಗೆದ 500 ಟನ್ ಯುರೇನಿಯಂಗೆ ಕಡಿಮೆ ಸಮೃದ್ಧಿಯ ಯುರೇನಿಯಂ ಬೆರೆಸಿ ತೆಳುಮಾಡಿ ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಮಾರುವುದು. 2013ರವರೆಗೆ ಇದು ನಡೆಯಿತು. ಸುಮಾರು 20,000 ಬಾಂಬುಗಳ ಸಾಮಗ್ರಿ ಹೀಗೆ ದೀಪವಾಗಿ ಉರಿಯಿತು. ಆ ವರ್ಷಗಳಲ್ಲಿ ಅಮೆರಿಕದ ವಿದ್ಯುತ್ತಿನ ಹತ್ತನೆಯ ಒಂದು ಪಾಲು ರಷ್ಯಾದ ಬಾಂಬಿನಿಂದ ಬಂದದ್ದು! ಕತ್ತಿಯನ್ನು ಕಾಯಿಸಿ ಕುಡುಗೋಲು ಮಾಡಿದಂತೆ.

ಇನ್ನೊಂದು ಇಂಧನದ ಕಣಜ. ಬೇರೆಯವರು ಇಂಧನ ನಿಲ್ಲಿಸಿದರೆ ಏನು ಗತಿ ಎಂಬ ಭಯದಿಂದಲೇ ಹಲವು ದೇಶಗಳು ತಾವೇ ಸಮೃದ್ಧಗೊಳಿಸುವ ಯಂತ್ರ ಬೇಕೆನ್ನುತ್ತವೆ. ಆ ಭಯ ಸುಳ್ಳಲ್ಲ, ತಾರಾಪುರದ ಕಥೆಯೇ ಸಾಕ್ಷಿ. ಅದಕ್ಕಾಗಿ ವಿಯೆನ್ನಾದ ಸಂಸ್ಥೆ ಕಝಾಕಸ್ತಾನದಲ್ಲಿ 2017ರಲ್ಲಿ ಒಂದು ಕಣಜ ತೆರೆಯಿತು. 2019ರಲ್ಲಿ 90 ಟನ್ ಇಂಧನ ತುಂಬಿಸಿತು. ನಿಯಮ ಪಾಲಿಸುವ ದೇಶಕ್ಕೆ ಯಾರೂ ಮಾರದಿದ್ದರೆ ಇಲ್ಲಿಂದ ಸಿಗುತ್ತದೆ. ಬರಗಾಲಕ್ಕೆಂದು ಊರು ಸೇರಿ ತುಂಬಿಟ್ಟ ಹಗೇವಿನಂತೆ.

ಬುಕಿತ್ ಪಂಜಾಂಗಿನಿಂದ ಒಂದು ವೃತ್ತ

ಈಗ ನಾವಿರುವ ಊರಿಗೆ ಬರೋಣ. ಸಿಂಗಪುರದ ವಿದ್ಯುತ್ತಿನ ಸುಮಾರು ಶೇಕಡಾ 95 ಹೊರಗಿನಿಂದ ತಂದ ಅನಿಲದಿಂದ ಬರುತ್ತದೆ. 2012ರಲ್ಲಿ ನಡೆದ ಅಧ್ಯಯನ, ಅಂದಿನ ದೊಡ್ಡ ಅಣುಸ್ಥಾವರಗಳು ಇಷ್ಟು ಚಿಕ್ಕ, ಜನದಟ್ಟಣೆಯ ದ್ವೀಪಕ್ಕೆ ಹೊಂದುವುದಿಲ್ಲವೆಂದಿತು. ಈಗ ಸಣ್ಣ ಸ್ಥಾವರಗಳ ಮಾತು ಬಂದಿದೆ. 2024ರ ಜುಲೈ 31ರಂದು ಸಿಂಗಪುರ ಅಮೆರಿಕದೊಂದಿಗೆ ನಾಗರಿಕ ಅಣುಸಹಕಾರದ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ಅಮೆರಿಕದ 1954ರ ಅಣುಶಕ್ತಿ ಕಾನೂನಿನ 123ನೆಯ ಸೆಕ್ಷನ್ ಪ್ರಕಾರ ಆದದ್ದರಿಂದ ಇದಕ್ಕೂ, ಭಾರತ 2008ರಲ್ಲಿ ಮಾಡಿಕೊಂಡದ್ದಕ್ಕೂ 123 ಒಪ್ಪಂದವೆಂದೇ ಹೆಸರು. 2025ರ ಬಜೆಟ್ಟಿನಲ್ಲಿ ಪ್ರಧಾನಿ ಲಾರೆನ್ಸ್ ವಾಂಗ್ ಅಣುವಿದ್ಯುತ್ತಿನ ಸಾಧ್ಯತೆಯನ್ನು ಅಧ್ಯಯನ ಮಾಡುವುದಾಗಿ ಹೇಳಿದರು. ಕಟ್ಟುವ ನಿರ್ಧಾರ ಆಗಿಲ್ಲ.

ಹೆಸರು ಒಂದೇ ಆದರೂ ಎರಡರ ಸ್ಥಿತಿ ಬೇರೆ. ಸಿಂಗಪುರದಲ್ಲಿ ಕಾವಲಿನ ಹೊರಗೆ ಏನೂ ಇಲ್ಲ. ನಿಷೇಧ ಒಪ್ಪಂದಕ್ಕೆ ಸಹಿ ಇದೆ. ಆಗ್ನೇಯ ಏಷ್ಯಾವನ್ನು ಅಣ್ವಸ್ತ್ರಮುಕ್ತ ವಲಯವೆಂದು ಸಾರಿದ 1995ರ ಬ್ಯಾಂಕಾಕ್ ಒಪ್ಪಂದದಲ್ಲೂ ಇದೆ. ಸ್ಥಾವರ ಬಂದರೂ ಅದರ ಕೊಳದ ಮೇಲೆ ಮೊದಲ ದಿನದಿಂದಲೇ ಕ್ಯಾಮೆರಾ ಇರುತ್ತದೆ. "ಬಾಂಬ್ ಮಾಡ್ತಾರಾ?" ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸುಲಭ.

ಕಾರಂತರ ಪ್ರಶ್ನೆಗಳಿಗೆ ಮಾತ್ರ ಅಷ್ಟು ಸುಲಭವಲ್ಲ. ಭಾರತದಲ್ಲಿ ಅಣುಸ್ಥಾವರದ ಸುತ್ತ 16 ಕಿ.ಮೀ. ವೃತ್ತವನ್ನು ತುರ್ತುಯೋಜನೆಯ ವಲಯವೆಂದು ಗುರುತಿಸುವ ರೂಢಿ ಇದೆ. ಅವತ್ತು ನಾವು ನಕಾಶೆ ಬಿಡಿಸಿ, ಬುಕಿತ್ ಪಂಜಾಂಗನ್ನು ನಡುವೆ ಇಟ್ಟುಕೊಂಡು ಅಂಥದೇ ವೃತ್ತ ಎಳೆದೆವು. ದಕ್ಷಿಣಕ್ಕೆ ರಾಫಲ್ಸ್ ಪ್ಲೇಸ್ ಒಳಗೆ ಬಂತು. ಉತ್ತರಕ್ಕೆ ಗಡಿ ದಾಟಿ ಮಲೇಷ್ಯಾದ ಜೊಹೋರ್ ಬಾರು ಕೂಡ ಒಳಗೆ ಬಂತು. ಸಣ್ಣ ಸ್ಥಾವರಗಳಿಗೆ ಅಷ್ಟು ದೊಡ್ಡ ವೃತ್ತ ಬೇಡವೆಂದು ಅವುಗಳ ತಯಾರಕರು ಹೇಳುತ್ತಾರೆ. ಅದು ನಿಜವೇ ಎಂದು ಕೇಳುವ ಹಕ್ಕು ವೃತ್ತದೊಳಗಿನವರಿಗೆಲ್ಲ ಇದೆ, ಅವರ ಪಾಸ್‌ಪೋರ್ಟ್ ಯಾವುದೇ ಇರಲಿ.

ನಮ್ಮ ಕಾರವಾರದ ಮಿತ್ರರು ನಕಾಶೆಯನ್ನು ಬಹಳ ಹೊತ್ತು ನೋಡುತ್ತಿದ್ದರು. "ಕೈಗಾದ ಸುತ್ತ ಯಾರಾದರೂ ಹೀಗೆ ವೃತ್ತ ಎಳೆದು ನಮ್ಮಜ್ಜಿಗೆ ತೋರಿಸಿದ್ದರೆ ಅಜ್ಜಿ ಬೇಡ ಅನ್ನುತ್ತಿದ್ದಳೋ ಬೇಕು ಅನ್ನುತ್ತಿದ್ದಳೋ ಗೊತ್ತಿಲ್ಲ. ಕೇಳಿದ್ದರೆ ಸಾಕಿತ್ತು," ಎಂದರು. ಕೈಗಾದಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. 2025ರ ಏಪ್ರಿಲ್‌ನಲ್ಲಿ ಕಟ್ಟುವ ಗುತ್ತಿಗೆಯೂ ಆಗಿದೆ. ಅವರ ಮಾತು ಹಳೆಯ ನೋವಿನದು ಮಾತ್ರವಲ್ಲ.

ನಮ್ಮ ಬಳಗದಲ್ಲಿ ಈ ವಿಷಯಕ್ಕೆ ಒಮ್ಮತವಿಲ್ಲ. ಹವಾಮಾನ ಕೆಡುತ್ತಿರುವ ಕಾಲದಲ್ಲಿ ಹೊಗೆಯಿಲ್ಲದ ವಿದ್ಯುತ್ ಬೇಕೇ ಬೇಕು ಎನ್ನುವವರಿದ್ದಾರೆ. ಕಾರಂತರ ಮಾತನ್ನು ಇಂದಿಗೂ ಎತ್ತಿಹಿಡಿಯುವವರೂ ಇದ್ದಾರೆ. ಎಲ್ಲರೂ ಒಪ್ಪಿದ್ದು ಒಂದು ಮಾತು. ದೇಶಗಳ ನಡುವಿನ ಸಹಕಾರ ನಿಂತಿರುವುದು ನನ್ನ ಮನೆಯ ಲೆಕ್ಕ ನಿನಗೆ ತೋರಿಸುತ್ತೇನೆ ಎಂಬ ಮಾತಿನ ಮೇಲೆ. ವಿಯೆನ್ನಾದ ತನಿಖೆಗಾರನಿಗೆ ತೋರಿಸುವ ಲೆಕ್ಕವನ್ನು ಸ್ಥಾವರದ ಪಕ್ಕದ ಹಳ್ಳಿಯವನಿಗೆ ತೋರಿಸದಿದ್ದರೆ ಆ ಸಹಕಾರ ಅರ್ಧದ್ದೇ. ಹಳ್ಳಿಯವನಿಗೂ ಇಲ್ಲ, ವಿಯೆನ್ನಾದವನಿಗೂ ಇಲ್ಲ ಎಂದಾದರೆ ಉಳಿಯುವುದು ಬೇಲಿ ಮಾತ್ರ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ.

ಅಂದ ಹಾಗೆ, ಹುಡುಗಿ ಡಿಬೇಟಿನಲ್ಲಿ 'ಬೇಕು' ಎಂದೇ ಮಾತಾಡಿದಳಂತೆ. ಎದುರಾಳಿಗಳು ಬಾಂಬಿನ ಮಾತು ತೆಗೆದಾಗ ಕ್ಯಾಮೆರಾ, ಮೊಹರು, 8 ಕಿಲೋ ಲೆಕ್ಕ ಎಲ್ಲ ಹೇಳಿದಳಂತೆ. ಕೊನೆಗೆ, ಸ್ಥಾವರ ಎಲ್ಲಿ ಕಟ್ಟುತ್ತೀರಿ ಎಂದು ಅವರು ಕೇಳಿದಾಗ, ಮೊದಲು ಅಲ್ಲಿನವರನ್ನು ಕೇಳಬೇಕು ಎಂದಳಂತೆ. ಅವಳ ತಂಡ ಗೆಲ್ಲಲಿಲ್ಲ. ಕಾರಂತಜ್ಜನೂ ಗೆದ್ದಿರಲಿಲ್ಲವಲ್ಲ ಎಂದು ಅವಳೇ ಫೋನಿನಲ್ಲಿ ಹೇಳಿ ನಕ್ಕಳು.

ಮುಂದಿನ ಕೂಟಕ್ಕೆ ಎಲ್ಲರೂ 'ವಿಜ್ಞಾನ ಪ್ರಪಂಚ'ದ ಒಂದೊಂದು ಅಧ್ಯಾಯ ಓದಿಕೊಂಡು ಬರಬೇಕೆಂದು ವಿನಂತಿ. ಕೈಗಾ, ಕದ್ರಾ, ಕಾರವಾರದ ಕಡೆಯ ನೆನಪುಗಳಿದ್ದವರು ಬರೆದು ಕಳಿಸಿ, ಬರುವ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಈ ಲೇಖನವನ್ನು ಒಪ್ಪದವರು ಮೊದಲು ಬರೆಯಲಿ!


ಸಂಪಾದಕ ಬಳಗ